ಎರೆಮಣ್ಣಿನ ಏರುಮಡಿಗಳು

ನನ್ನ ಮೊಮ್ಮಗಳು ರೇಣುಕಾ ಸರಕಾರದ ಕಾಯಿಪಲ್ಲೆ ತೋಟದಲ್ಲಿ ಕೆಲಸಕ್ಕೆ ಸೇರಿದಳು! ಈ ಮಾತನ್ನು ಓಣಿಯಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಕೆಲವರಿಗೆ ಎರಡೆರಡು ಸಲ ಹೇಳಿದ್ದೇನೆ. ಹಾಲಿನವನ ಕೈಗೆ ಸಕ್ಕರೆ ಕೊಟ್ಟೆ, ಅವನ ಎಮ್ಮೆಗೂ ಒಂದು ಬೆಲ್ಲದ ಹರಳು ತಿನ್ನಿಸಿದೆ. ಸಂತೋಷ ಹೊಟ್ಟೆಯೊಳಗೆ ಹಿಡಿಯದೆ ಹೋದರೆ ಮನುಷ್ಯ ಏನು ಮಾಡಬೇಕು? ನಾನು ಬರೆಯಲು ಕೂತೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಅಕ್ಷರ ಅಡ್ಡಾದಿಡ್ಡಿ ಹೋಗುತ್ತವೆ, ಹೋಗಲಿ. ರೇಣುಕಾ ತಿದ್ದುತ್ತಾಳೆ.

ಬರೆ ಎಂದವಳೂ ಅವಳೇ. "ಅಜ್ಜೀ, ನೀ ಎರಿಮಣ್ಣಾಗ ಕಾಯಿಪಲ್ಲೆ ಬೆಳದಾಕಿ. ನನ್ನ ಜೋಡಿ ಕೆಲಸಕ್ಕ ಸೇರಿದ ಹುಡುಗ್ಯಾರಿಗೆ ನಾಕ ಮಾತ ಬರದ ಕೊಡ. ಪುಸ್ತಕದಾಗ ಇದ್ದದ್ದ ಬ್ಯಾಡ, ಆದದ್ದ ಬರಿ" ಎಂದಳು. ಆದದ್ದು! ಆದದ್ದನ್ನು ಬರೆದರೆ ಈ ನಗುವ ಮುದುಕಿಯ ಕೈಯಿಂದ ಎಂಥದು ಬರುತ್ತದೆಂದು ಅವಳಿಗೇನು ಗೊತ್ತು? ನಾನು ಬೆಳೆದದ್ದಕ್ಕಿಂತ ನನ್ನ ಕೈಯೊಳಗೆ ಕೊಳೆತದ್ದೇ ಹೆಚ್ಚು. ಹುಡುಗಿಯರೇ, ನಿಮ್ಮ ಉತ್ಸಾಹಕ್ಕೆ ತಣ್ಣೀರು ಹಾಕುವ ಮನಸ್ಸು ನನಗಿಲ್ಲ. ಆದರೆ ಸುಳ್ಳು ಬರೆಯಲು ಬರುವುದಿಲ್ಲ.

ಹುಬ್ಬಳ್ಳಿಯಲ್ಲಿ ಗೋಪನಕೊಪ್ಪ ಇನ್ನೂ ಹಳ್ಳಿಯಾಗಿದ್ದ ಕಾಲ. ಅಲ್ಲಿಂದ ಆಚೆ ಕರಿ ಹೊಲಗಳ ನಡುವೆ ಹೆಣ್ಣುಮಕ್ಕಳ ಒಂದು ಬೋರ್ಡಿಂಗು ಇತ್ತು. ಅದರೊಳಗೇ ಸಾಲಿ, ಅದರ ಹಿಂದೆ ಅಡಿಗೆಮನೆ, ಅದರ ಹಿಂದೆ ಬಾವಿ, ಬಾವಿಯ ಸುತ್ತ ಬಯಲು. ಆ ಬಯಲಿನಲ್ಲಿ ಮಕ್ಕಳ ಊಟಕ್ಕೆ ಕಾಯಿಪಲ್ಲೆ ಬೆಳೆಯಬೇಕೆಂದು ಬೋರ್ಡಿಂಗ್ ನಡೆಸುವ ಕಮಿಟಿಯವರು ಠರಾಯಿಸಿದರು. ಅಲ್ಲಿಯವರೆಗೆ ಹುಬ್ಬಳ್ಳಿ ಪೇಟೆಯ ದುರ್ಗದಬೈಲ್‌ನಿಂದ ಬುಟ್ಟಿಗಳಲ್ಲಿ ಬರುತ್ತಿತ್ತು, ಬರುವಷ್ಟರಲ್ಲಿ ಬಾಡುತ್ತಿತ್ತು.

ನನ್ನ ಗಂಡ ಹತ್ತಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ಹಮಾಲಿ ಮಾಡುತ್ತಿದ್ದ. ಜ್ವರ ಬಂದು ಹೋದ. ನನ್ನ ಕಡೆ ಉಳಿದದ್ದು ಮಗಳು ನೀಲಾ, ರೇಣುಕಾಳ ಅವ್ವ. ಅವಳಿಗೆ ಹಾಲುಹಲ್ಲು ಬೀಳುವ ವಯಸ್ಸು. ಬೋರ್ಡಿಂಗಿನ ಮ್ಯಾನೇಜರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಬಿಳಿ ಧೋತರ, ಕರಿ ಕೋಟು, ಸಿಟ್ಟಿಲ್ಲದ ಮುಖ. ಕೆಲಸ ಕೇಳಲು ಹೋದಾಗ ನೀಲಾ ನನ್ನ ಸೀರೆಯ ಹಿಂದಿನಿಂದ ಗೋಡೆಯ ಮೇಲಿನ ಅಕ್ಷರಗಳನ್ನು ನೋಡುತ್ತಿದ್ದಳು.

"ಹುಡುಗಿ ಸಾಲೀಗೆ ಹೋಗ್ತದೇನು?" ಎಂದರು ರಾಯರು.

"ಎಲ್ಲಿ ಸಾಲಿ ರಾಯರ. ನನ್ನ ಬೆನ್ನಿಂದನ ತಿರಗತೈತಿ."

"ನೀ ತ್ವಾಟದಾಗ ಇರೂತನಕಾ ಅಕಿ ನಮ್ಮ ಸಾಲ್ಯಾಗ ಕೂಡಲಿ. ಫೀ ಕೊಡೂದು ಬ್ಯಾಡ. ಬಾವೀ ಕಡೆ ಖೋಲಿ ಅದ, ಅಲ್ಲೇ ಇರ್ರಿ."

ತೋಟ ಇರುವತನಕ ನೀಲಾಳ ಸಾಲಿ. ಕರಾರು ಅಷ್ಟೇ. ನೀವು ಇಂದಿನ ಹುಡುಗಿಯರು, ಇದರ ಭಾರ ನಿಮಗೆ ತಿಳಿಯಲಿಕ್ಕಿಲ್ಲ. ಒಂದು ಬದನೆ ಸಸಿ ಹಳದಿಯಾದರೆ ನನಗೆ ಕಾಣಿಸುತ್ತಿದ್ದುದು ಬದನೆಯಲ್ಲ, ಪಾಟಿ ಹಿಡಿದು ಕೂತ ನನ್ನ ಮಗಳು.

ನಮ್ಮ ಮೇಲಿನ ಮಾಲಿ ಫಕೀರಪ್ಪ ಕಾಕಾ. ಅಮ್ಮಿನಬಾವಿ ಹಳ್ಳಿಯವನು, ಎರೆಹೊಲದಲ್ಲೇ ಹುಟ್ಟಿ ಎರೆಹೊಲದಲ್ಲೇ ಮೀಸೆ ಬೆಳೆಸಿದವನು. ಜೋಳ, ಹತ್ತಿ, ಕುಸುಬೆ ಎಂದರೆ ಅವನಿಗೆ ಅಂಗೈ ಇದ್ದ ಹಾಗೆ. ಆದರೆ ಕಾಯಿಪಲ್ಲೆ ಅವನು ತಿಂದಿದ್ದನೇ ಹೊರತು ಬೆಳೆದಿರಲಿಲ್ಲ. ಕಮಿಟಿಯವರಿಗೆ ಅದು ತಿಳಿಯಲಿಲ್ಲ. ಮಣ್ಣಿನ ಮನುಷ್ಯ ಎಂದು ಇಟ್ಟುಕೊಂಡರು. ಅವನೂ ನಾನು ಮಾಡಬಲ್ಲೆ ಎಂದ. ನಾಲ್ಕು ಸೊಪ್ಪು, ಎರಡು ಕಾಯಿ, ಅದರಲ್ಲೇನು ಎಂದ.

ಈ ಕರಿ ಎರೆಮಣ್ಣನ್ನು ನೀವು ನೋಡಿದ್ದೀರಿ, ಅದರೊಳಗೆ ಬದುಕಿ ನೋಡಿಲ್ಲ. ಮಳೆ ಬಿದ್ದರೆ ಅಂಗಾಲಿಗೆ ಹತ್ತಿ ಇನ್ನೊಂದು ಚಪ್ಪಲಿಯಾಗುತ್ತದೆ. ನಾಲ್ಕು ಹೆಜ್ಜೆಗೆ ಮನುಷ್ಯ ಎತ್ತರವಾಗುತ್ತಾನೆ. ಬಿಸಿಲು ಬಿದ್ದರೆ ಬಾಯಿ ಬಿಡುತ್ತದೆ. ಒಂದು ಬೇಸಿಗೆ ನೀಲಾಳ ಪಾಟಿಯ ಕಡ್ಡಿ ಬಿರುಕಿನೊಳಗೆ ಬಿತ್ತು. ಅವಳು ಹೊಟ್ಟೆಯ ಮೇಲೆ ಮಲಗಿ ತೋಳನ್ನು ಭುಜದತನಕ ಇಳಿಸಿದಳು, ಸಿಗಲಿಲ್ಲ. ಕಾಕಾ ಸಲಿಕೆ ತಂದು ಅಗೆದ. ಅಗೆದಂತೆಲ್ಲ ಅದು ಇನ್ನೂ ಕೆಳಗೆ. "ಬಿಡವಾ, ಈ ಭೂಮಿ ನುಂಗಿದ್ದ ಕೊಡೂದುಲ್ಲ" ಎಂದ. ಅವಳು ಅತ್ತಳು, ನಾನು ಬೈದೆ. ಆ ಮಣ್ಣಿಗೆ ಇದ್ದದ್ದು ಎರಡೇ ಗುಣ: ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಸೀಳುವುದು. ಬೇರು ಪಾಪ ನಡುವೆ ಸಿಕ್ಕು ಒಮ್ಮೆ ಉಸಿರು ಕಟ್ಟಿ ಸಾಯುತ್ತದೆ, ಒಮ್ಮೆ ಹರಿದು ಸಾಯುತ್ತದೆ.

ಮೊದಲನೆಯ ಮಳೆಗಾಲ ಸಪಾಟು ನೆಲದಲ್ಲಿ ಮಡಿ ಕಟ್ಟಿ ಮೆಂತೆ, ರಾಜಗಿರಿ, ಬದನೆ ಹಾಕಿದೆವು. ನೀರು ನಿಂತಿತು. ಹೋಯಿತು. ಅದರ ಬಗ್ಗೆ ಬರೆಯಲು ಏನೂ ಇಲ್ಲ, ಕಪ್ಪೆಗಳಿಗೆ ಒಳ್ಳೆಯ ವರ್ಷ.

ಆಗ ರಾಯರು ಕೆಂಪುಮಣ್ಣಿನ ಸೀಮೆಯ ಕಡೆ ಯಾವುದೋ ತೋಟ ನೋಡಿ ಬಂದರು. "ಫಕೀರಪ್ಪಾ, ಅಲ್ಲಿ ಮಡೀ ಏರಿಸ್ತಾರ. ಮೊಣಕಾಲ ಮಟಾ ಮಣ್ಣು ಏರಿಸಿ ಮ್ಯಾಲೆ ಸಸಿ ಹಚ್ಚತಾರ. ನೀರು ಕೆಳಗ ಹರದು ಹೋಗ್ತದ. ನಾವೂ ಹಂಗ ಮಾಡೂಣು" ಎಂದರು. ಮಾತು ಬರೋಬರಿ ಇತ್ತು. ಏರುಮಡಿ ಎಂದರೆ ಅದೇ. ಆದರೆ ರಾಯರು ಹೇಳಿದ್ದು 'ಏರಿಸಿ' ಎಂದು ಮಾತ್ರ. ಹೇಗೆ ಏರಿಸಬೇಕು ಎಂಬುದನ್ನು ಕಾಕಾ ತನ್ನ ತಲೆಯಿಂದ ತೆಗೆದ. ಅವನ ತಲೆಯಲ್ಲಿ ಇದ್ದದ್ದು ಕಣ.

ಸುಗ್ಗಿಯಲ್ಲಿ ಜೋಳ ತುಳಿಸಲು ಕಣ ಮಾಡುವುದನ್ನು ನೋಡಿದ್ದೀರಲ್ಲ? ನೆಲಕ್ಕೆ ನೀರು ಹಾಕಿ, ಎತ್ತು ತುಳಿಸಿ, ಮರದ ಕೊಡತಿಯಿಂದ ಬಡಿದು, ಸೆಗಣಿಯಿಂದ ಸಾರಿಸಿ, ಒಂದು ಕಾಳು ಬಿದ್ದರೂ ಉರುಳುವ ಹಾಗೆ ಮಾಡುತ್ತಾರೆ. ಎರೆಸೀಮೆಯ ಮನುಷ್ಯನಿಗೆ ಮಣ್ಣಿನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇಲ್ಲ. ಕಣದಲ್ಲಿ ಬಿರುಕು ಬಿಟ್ಟರೆ ಊರೇ ನಗುತ್ತದೆ. ಕಾಕಾ ಮಡಿಗಳನ್ನು ಅದೇ ರೀತಿ ಕಟ್ಟಿಸಿದ. ಮಣ್ಣು ಹಾಕುವುದು, ನೀರು ಹೊಡೆಯುವುದು, ತುಳಿಯುವುದು. ಮತ್ತೆ ಮಣ್ಣು, ಮತ್ತೆ ನೀರು. ಬದಿಗಳನ್ನು ಕೊಡತಿಯಿಂದ ಬಡಿದು ಗೋಡೆಯಂತೆ ನಿಲ್ಲಿಸಿದ, ಅಂಚು ನಡುವಿಗಿಂತ ನಾಲ್ಕು ಬೆರಳು ಎತ್ತರ.

"ಕಾಕಾ, ಇಷ್ಟ ಬಿರಸ ಆದ್ರ ಬೇರ ಹೆಂಗ ಇಳೀತಾವು?" ಎಂದು ಕೇಳಿದೆ.

"ಹುಚ್ಚೀ, ಬಡೀಲಿಲ್ಲಂದ್ರ ಮೊದಲನೇ ಮಳೀಗೆ ಕೊಚ್ಚಿ ಹೋಗತೈತಿ. ನಿಮ್ಮವ್ವ ನಿನಗ ಕಟ್ಟೀ ಸಾರಸೂದ ಕಲಿಸ್ಯಾಳೋ ಇಲ್ಲೋ?"

ಕಲಿಸಿದ್ದಳು. ನಾನೂ ಇನ್ನಿಬ್ಬರು ಆಳು ಹೆಣ್ಣುಮಕ್ಕಳೂ ಸೇರಿ ಮಡಿಗಳ ಬದಿಯನ್ನೆಲ್ಲ ಸೆಗಣಿಯಿಂದ ಸಾರಿಸಿದೆವು. ಎಂಥ ಚೆಂದ ಕಂಡಿತೆನ್ನುತ್ತೀರಿ! ತುಳಸಿಕಟ್ಟೆಗಳನ್ನು ಸಾಲಾಗಿ ಇಟ್ಟ ಹಾಗೆ. ಒಬ್ಬಳು ಮೂಲೆಗಳಿಗೆ ರಂಗೋಲಿ ಎಳೆದಳು. ಗೋಪನಕೊಪ್ಪದಿಂದ ಜನ ನೋಡಲು ಬಂದರು. ರಾಯರು ಕೈ ಹಿಂದೆ ಕಟ್ಟಿಕೊಂಡು ನಡುವೆ ಅಡ್ಡಾಡಿದರು. ಮೊಣಕಾಲೆತ್ತರದ ಮಡಿ, ನೆಟ್ಟಗಿನ ಬದಿ, ಒಂದು ಬಿರುಕಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಬೋರ್ಡಿಂಗಿನ ಹುಡುಗಿಯರಿಗೆ ಎತ್ತು ಮಾಡಲು ಮಣ್ಣು ಬೇಕು. ಪ್ರತಿವರ್ಷ ಹಳ್ಳದ ದಂಡೆಗೆ ಹೋಗುತ್ತಿದ್ದರು. ಆ ವರ್ಷ ಕಾಕಾ ತಾನೇ ಕರೆದು ಮಡಿಯ ಮಣ್ಣು ತೆಗೆದುಕೊಟ್ಟ. ನೀಲಾ ಅವರ ನಡುವೆ ಕೂತು ಒಂದು ಜೋಡಿ ಮಾಡಿದಳು. ಕೊಂಬು ಎಷ್ಟು ತೆಳ್ಳಗೆ ಎಳೆದರೂ ಮುರಿಯಲಿಲ್ಲ, ಒಣಗಿದ ಮೇಲೂ ಎಲ್ಲೂ ಸೀಳಲಿಲ್ಲ.

"ನೋಡ್ರಿ ನಮ್ಮ ಮಡೀ ಮಣ್ಣ!" ಎಂದು ಕಾಕಾ ಮೀಸೆ ತಿರುವಿದ. "ಇಂಥಾ ಎತ್ತು ಹಳ್ಳದ ಮಣ್ಣಿಗೆ ಬರತಾವೇನ?"

ಅಡಿಗೆಯ ತುಂಗಕ್ಕನವರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಕೆಂಪು ಸೀರೆಯ ವಿಧವೆ ಹೆಂಗಸು, ನಾಲಿಗೆ ಮಾತ್ರ ಹಸಿಮೆಣಸಿನಕಾಯಿ. "ಎತ್ತು ಛಲೋ ಆಗ್ಯಾವ ಫಕೀರಪ್ಪಾ. ನಾಳೆ ಹುಳೀಗೆ ಎತ್ತೇ ಹಾಕಲೇನು?" ಎಂದರು.

ಎಲ್ಲರೂ ನಕ್ಕೆವು. ನಗುವ ಮಾತಲ್ಲ ಅದು. ಹುಡುಗಿಯರೇ, ಇದೊಂದನ್ನು ನೆನಪಿಡಿ: ಕೊಂಬು ಮುರಿಯದ ಎತ್ತು ಆಗುವ ಮಣ್ಣಿನಲ್ಲಿ ಬದನೆ ಆಗುವುದಿಲ್ಲ. ಎತ್ತಿಗೆ ಬೇಕಾದ ಮಣ್ಣು ಒಂದಕ್ಕೊಂದು ಅಂಟಿ, ಗಾಳಿ ಇಲ್ಲದೆ, ನೀರು ಬಿಡದೆ ಕೂತಿರುತ್ತದೆ. ಅದನ್ನೇ ನಾವು ತುಳಿದು ತುಳಿದು ಮಾಡಿದ್ದೆವು. ಕಣ್ಣ ಮುಂದೆ ಎತ್ತುಗಳು ಸಾಲಾಗಿ ನಿಂತು ಹೇಳುತ್ತಿದ್ದವು, ನಮ್ಮಲ್ಲಿ ಒಬ್ಬರಿಗೂ ಕೇಳಲಿಲ್ಲ.

ಸಸಿ ಹಚ್ಚಿದೆವು, ಆಮೇಲೆ ಮಳೆ ಹಿಡಿಯಿತು. ಮಡಿಗಳು ಕೊಚ್ಚಿ ಹೋಗಲಿಲ್ಲ, ಕಾಕಾನ ಮಾತು ಖರೆ. ಒಂದು ಹನಿ ನೀರೂ ಹೊರಗೆ ಹೋಗಲಿಲ್ಲ. ಪ್ರತಿ ಮಡಿಯೂ ಒಂದು ದೋಣಿಯಾಯಿತು, ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿ. ಸಸಿಗಳು ಮೊದಲು ತಲೆ ಬಾಗಿಸಿದವು, ನೀರಿನಲ್ಲಿ ನಿಂತೂ ಬಾಯಾರಿದ ಹಾಗೆ. ಆಮೇಲೆ ಹಳದಿ, ಆಮೇಲೆ ಬುಡದಲ್ಲಿ ಕಪ್ಪು. ಎಳೆದರೆ ಬೇರಿನ ಸಿಪ್ಪೆ ಬೆರಳಿನಲ್ಲಿ ಉಳಿಯುತ್ತಿತ್ತು. ಆ ವಾಸನೆ ನನ್ನ ಮೂಗಿನಲ್ಲಿ ಇಂದಿಗೂ ಇದೆ, ಕೊಳೆತ ಮೊಟ್ಟೆಯಂಥದು. ಕಾಕಾ ಒಂದು ಗೂಟ ತಂದು ಮಡಿಯ ಬದಿಗೆ ಹೊಡೆದು ಎಳೆದ. ತೂತಿನಿಂದ ನೀರು ಕೊಡದ ಬಾಯಿಂದ ಬಂದ ಹಾಗೆ ಬಂತು, ಅವನ ಪಾದದ ಮೇಲೆ ಸುರಿಯಿತು. ಅವನು ಕಾಲು ತೆಗೆಯಲಿಲ್ಲ.

ಅಡಿಗೆಮನೆಯ ಕಟ್ಟೆಯ ಮೇಲೆ ಬುಟ್ಟಿ ಇಟ್ಟು ದೂರ ನಿಲ್ಲುವುದು ನಮ್ಮ ಪದ್ಧತಿ. ತುಂಗಕ್ಕನವರು ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಅಂದು ಬುಟ್ಟಿಯಲ್ಲಿ ಇದ್ದದ್ದು ಒಂದು ಹಿಡಿ ರಾಜಗಿರಿ, ಅದರ ಬೇರಿಗೆ ಹತ್ತಿದ ಮಣ್ಣು.

"ಗಂಗವ್ವಾ, ಪಲ್ಯಾ ತಾ ಅಂದ್ರ ಹೊಲಾ ತಂದೀಯಲ್ಲ."

"ಇಷ್ಟ ಉಳದೈತ್ರಿ ಬಾಯಾರ."

ಅವರು ನನ್ನ ಮುಖ ನೋಡಿದರು. ಬುಟ್ಟಿ ಒಯ್ದರು.

ಚಳಿಗಾಲಕ್ಕೆ ರಾಯರು ಹೊಸ ಉಪಾಯ ತಂದರು. ಮಣ್ಣು ಜಿಗುಟು ಇದೆ, ಉಸುಕು ಬೆರೆಸಿದರೆ ಸಡಿಲಾಗುತ್ತದೆ ಎಂದು ಯಾರೋ ಹೇಳಿದರಂತೆ. ಬಂಡಿಗಳಲ್ಲಿ ಉಸುಕು ಬಂತು. ಬೆರೆಸಿದೆವು, ನೀರು ಹಾಕಿದೆವು. ಹಸಿಯಿದ್ದಾಗ ಕೈಗೆ ಸಡಿಲವೇ ಅನ್ನಿಸಿತು, ನಾನು ದೇವರಿಗೆ ಕಾಯಿ ಒಡೆಸಿದೆ. ಬಿಸಿಲು ಬಿದ್ದು ಒಣಗಿದ ಮೇಲೆ ಗೊತ್ತಾಯಿತು, ನಾವು ಕಲಸಿದ್ದು ಗಿಲಾವು. ಗೌಂಡಿ ಗೋಡೆಗೆ ಬಳಿಯುವಂಥ ಗಿಲಾವು. ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಎರೆಮಣ್ಣಿಗೆ ನಾಲ್ಕು ಬುಟ್ಟಿ ಉಸುಕು ಬೆರೆಸಿ ಸಡಿಲ ಮಾಡುತ್ತೇನೆ ಎನ್ನುವವರು ನಿಮಗೂ ಸಿಗುತ್ತಾರೆ. ಅವರಿಗೆ ಈ ಅಜ್ಜಿಯ ನಮಸ್ಕಾರ ತಿಳಿಸಿ.

ಅದರೊಳಗೇ ಗಜ್ಜರಿ, ನೀವನ್ನುವ ಕ್ಯಾರೆಟ್ಟು, ಬಿತ್ತಿದ್ದೆವು. ಅವು ಕೆಳಗೆ ಹೋಗಲು ಹಾದಿ ಸಿಗದೆ ಎರಡಾಗಿ ಮೂರಾಗಿ ಸೀಳಿ, ಒಂದರ ಮೇಲೊಂದು ಕಾಲು ಹಾಕಿಕೊಂಡು ಬೆಳೆದವು. ಅಗೆದು ತೆಗೆದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಚಿಂದಿ ಅರಿವೆ ಸುತ್ತಿ ಮದುವೆ ಮಾಡಿಸಿದರು, ಮದುಮಗ, ಮದುಮಗಳು, ಬೀಗರು. ನೀಲಾ ಬೀಗಿತ್ತಿಯ ಧ್ವನಿ ತೆಗೆದು "ನಮ್ಮ ಹುಡುಗನ್ನ ಕಾಲ ಸೊಟ್ಟ ಅಂತ ಅನಬ್ಯಾಡ್ರಿ, ನಿಮ್ಮ ಹೊಲಾ ಸೊಟ್ಟ" ಎಂದಳು. ನಾನೂ ನಕ್ಕೆ. ಅದನ್ನು ನೆನೆಸಿದರೆ ಈಗಲೂ ನಗು ಬರುತ್ತದೆ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಏಕೆಂದರೆ ಅದೇ ದಿನ ಸಂಜೆ ರಾಯರು ನನ್ನನ್ನೂ ಕಾಕಾನನ್ನೂ ಕರೆಸಿದರು.

"ಕಮಿಟಿಯವರು ಬ್ಯಾಸತ್ತಾರ," ಎಂದರು. "ಮುಂದಿನ ಮಳೆಗಾಲದಾಗ ಅಡಗೀಮನಿಗೆ ಪಲ್ಯಾ ಬರಬೇಕು. ಇಲ್ಲಾಂದ್ರ ಭೂಮಿ ಹತ್ತೀಗೆ ಲಾವಣಿ ಹಾಕತಾರ, ಗುತ್ತಿಗೀಗೆ ಕೊಡ್ತಾರ. ತ್ವಾಟಾ ಬಂದ್ ಆಗ್ತದ."

"ನನ್ನ ಮಗಳ ಸಾಲಿ, ರಾಯರ?"

ರಾಯರು ಕೋಟಿನ ಗುಂಡಿ ಹಿಡಿದುಕೊಂಡರು. "ಅದು ತ್ವಾಟದ ಜೋಡಿ ಅದ ಗಂಗವ್ವಾ. ನನಗ ಬ್ಯಾರೆ ಅಧಿಕಾರ ಇಲ್ಲ" ಎಂದರು.

ಅಂದಿನಿಂದ ಕಾಕಾ ಮಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೆಂಟೆ ಒಡೆಯುತ್ತ ಇರುತ್ತಿದ್ದ. "ನನ್ನ ಕೈಯಾಗ ಜ್ವಾಳಾ ಸತ್ತಿಲ್ಲ, ಹತ್ತಿ ಸತ್ತಿಲ್ಲ. ಈ ಮೆಂತೇಪಲ್ಲೆ ನನ್ನ ಮಾನಾ ತಗೀತು ನೋಡವಾ" ಎಂದ ಒಂದು ಸಲ. ಅವನಿಗೆ ಸಮಾಧಾನ ಬೇಕಿತ್ತು. ನನ್ನ ಹತ್ತಿರವೇ ಇರಲಿಲ್ಲ, ಎಲ್ಲಿಂದ ಕೊಡಲಿ?

ಹಾದಿ ತೋರಿಸಿದ್ದು ತುಂಗಕ್ಕನವರ ಕಸ. ಅಡಿಗೆಮನೆಯ ಹಿಂದೆ ಅವರು ಉಂಡ ಪತ್ರಾವಳಿ, ಒಲೆಯ ಬೂದಿ, ಕಾಯಿಯ ಸಿಪ್ಪೆ, ಗುಡಿಸಿದ ಕಸ ಎಲ್ಲ ಒಗೆಯುವ ಒಂದು ಗುಡ್ಡೆ ಇತ್ತು. ಅದರ ಮೇಲೆ ಹಿಂದಿನ ಮಳೆಗಾಲದಲ್ಲೇ ಒಂದು ಹೀರೆಬಳ್ಳಿ ತಾನಾಗಿ ಹುಟ್ಟಿತ್ತು. ನಮ್ಮ ಮಡಿಗಳಲ್ಲಿ ಎಲ್ಲ ಕೊಳೆಯುವಾಗ ಅದು ಗೋಡೆ ಹತ್ತಿ ಹಂಚಿನ ಮೇಲೆ ಹೋಗಿತ್ತು, ನಾವು ನೋಡಿಯೂ ನೋಡಿರಲಿಲ್ಲ. ಬೇಸಿಗೆಯಲ್ಲಿ ಒಣಗಿದ ಬಳ್ಳಿಯನ್ನು ಕಿತ್ತು ಹಾಕಲು ಹೋದಾಗ ಬೇರು ಬಂತು. ಉದ್ದನೆಯ, ಬಿಳಿಯ, ಕೂದಲು ಕೂದಲಿನ ಬೇರು. ಅದರ ಸುತ್ತ ಮಣ್ಣು ಹುರಿದ ರವೆಯ ಹಾಗೆ ಉದುರಿತು. ಅದೇ ಎರೆಮಣ್ಣು! ಆಚೆ ಹಾರೆಗೆ ಠಣ್ ಎನ್ನುವ ಅದೇ ಮಣ್ಣು!

"ಬಾಯಾರ, ಇದಕ್ಕ ಏನ ಮಾಡಿದ್ರಿ?" ಎಂದು ಕೂಗಿದೆ.

"ನಾ ಏನೂ ಮಾಡಿಲ್ಲವಾ. ಬಡದಿಲ್ಲ, ತುಳದಿಲ್ಲ, ಸಾರಿಸಿಲ್ಲ. ಮುಸುರಿ ಒಗದೇನಿ. ನೀವಿಬ್ಬರೂ ಮಾಡೂದನ್ನೆಲ್ಲಾ ನಾ ಬಿಟ್ಟೇನಿ ನೋಡು, ಅದಕ್ಕ ಬೆಳದದ."

ಕಾಕಾ ಆ ಮಣ್ಣನ್ನು ಅಂಗೈಯಲ್ಲಿ ಹಿಡಿದು ಹಿಚುಕಿದ, ಬೆರಳು ಬಿಟ್ಟಾಗ ಪುಡಿಯಾಯಿತು. ಬಹಳ ಹೊತ್ತು ಹಾಗೆಯೇ ಹಿಚುಕುತ್ತ, ಬಿಡುತ್ತ ನಿಂತ. ಆಮೇಲೆ ಹೋಗಿ ತನ್ನ ಮಡಿಗಳ ಸಾರಿಸಿದ ಬದಿಗಳನ್ನು ಗುದ್ದಲಿಯಿಂದ ಒಡೆಯತೊಡಗಿದ.

ಆ ಬೇಸಿಗೆಯಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುವುದು ಇದೊಂದೇ. ಮಣ್ಣನ್ನು ದಪ್ಪ ದಪ್ಪ ಹೆಂಟೆಯಾಗಿ ಎಬ್ಬಿಸಿ ಬಿಸಿಲಿಗೆ ಬಿಟ್ಟೆವು. ನಡುಬೇಸಿಗೆಯ ಅಡ್ಡಮಳೆ ಒಂದು ಬಿದ್ದರೆ ಆ ಹೆಂಟೆ ತಾವಾಗಿ ಸುಣ್ಣದ ಕಲ್ಲಿನ ಹಾಗೆ ಅರಳಿ ಉದುರುತ್ತವೆ, ಬಡಿಯುವ ಕೆಲಸವೇ ಇಲ್ಲ. ಅದಕ್ಕೆ ಹಳೆಯ ತಿಪ್ಪೆಗೊಬ್ಬರ, ಪತ್ರಾವಳಿ, ಜೋಳದ ಕೊಯ್ಲಿನ ಕೂಳೆ, ಬೂದಿ ಸೇರಿಸಿ ಏರಿಸಿದೆವು. ಬದಿ ನೆಟ್ಟಗೆ ನಿಲ್ಲಿಸಲಿಲ್ಲ, ಇಳಿಜಾರು ಬಿಟ್ಟೆವು. ಮಡಿಗಳ ನಡುವಿನ ಹಾದಿಯನ್ನು ಹಳ್ಳದ ಕಡೆಗೆ ಇಳಿಯುವ ಕಾಲುವೆ ಮಾಡಿದೆವು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಕಳೆ ಸಿಗುವಷ್ಟೇ ಅಗಲ ಇಟ್ಟೆವು, ಮೇಲೆ ಕಾಲಿಡುವುದು ಬೇಡವೆಂದು. ಹಸಿಯಿದ್ದಾಗ ಮುಟ್ಟಲಿಲ್ಲ. ಹಿಚುಕಿ ಬಿಟ್ಟರೆ ಪುಡಿಯಾಗುವ ಹದ ಬರುವತನಕ ಕೈಕಟ್ಟಿ ಕೂತೆವು. ಕೂಡುವುದೇ ಕಷ್ಟ. ದುಡಿಯುವವರಿಗೆ ಸುಮ್ಮನೆ ಕೂಡಲು ಹೇಳಿಕೊಟ್ಟವರು ಯಾರು?

ಕಾಕಾನಿಗಂತೂ ಅದು ಹಿಂಸೆ. ಬದಿ ಉದುರಿದ್ದು ಕಂಡರೆ ಅವನ ಕೈ ತಾನಾಗಿ ಸಲಿಕೆಯ ಬೆನ್ನಿನಿಂದ ತಟ್ಟಲು ಹೋಗುತ್ತಿತ್ತು. "ಮಂದಿ ನೋಡಿದ್ರ ಹಂದಿ ಕೆದರಿದಂಗ ಐತಿ ಅಂತಾರ" ಎಂದು ಒದ್ದಾಡುತ್ತಿದ್ದ. ನಾನು ಕೊಡತಿಯನ್ನು ಖೋಲಿಗೆ ಒಯ್ದು ಅಡಗಿಸಿಟ್ಟೆ. ಅವನು ನೀಲಾಳನ್ನು ಕರೆದು "ನಿಮ್ಮವ್ವ ಕೊಡತಿ ಎಲ್ಲಿ ಇಟ್ಟಾಳ ಹೇಳ, ಪುಠಾಣಿ ಕೊಡತೇನಿ" ಎಂದನಂತೆ. ಅವಳು ಪುಠಾಣಿ ತಿಂದು "ಗೊತ್ತಿಲ್ಲ" ಎಂದಳಂತೆ.

ಮಳೆ ಬಂತು. ಮೊದಲನೆಯ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ನಾನೂ ಕಾಕಾನೂ ಹೋಗಿ ನೋಡಿದೆವು. ಕಾಲುವೆಗಳಲ್ಲಿ ಕರಿ ನೀರು ಹಳ್ಳದ ಕಡೆ ಹೊರಟಿತ್ತು. ಮಡಿಯ ಮೇಲೆ ನೀರು ಇರಲಿಲ್ಲ. ಸಸಿಗಳು ನಿಂತಿದ್ದವು. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮಳೆ ನಿಂತಿತ್ತು, ಒರೆಸಿಕೊಂಡದ್ದು ಮಳೆಯ ನೀರನ್ನಲ್ಲ.

ಆ ಮೇಲಿನ ವಾರಗಳು ನನ್ನ ಇಡೀ ಕೆಲಸದಲ್ಲಿ ಸುಖದವು. ಮೆಂತೆ ಬಂತು, ರಾಜಗಿರಿ ಬಂತು, ಮೂಲಂಗಿ ನೆಟ್ಟಗೆ ಬಂತು. ತುಂಗಕ್ಕನವರು "ಸಾಕವಾ, ನಾ ಏನು ಆನೀಗೆ ಅಡಗೀ ಮಾಡ್ತೀನೇನು?" ಎನ್ನುವಷ್ಟು ಬಂತು. ಬದನೆ ಹೂ ಬಿಟ್ಟು ಬೆರಳಿನಷ್ಟು ಕಾಯಿ ಹಿಡಿಯಿತು. ನೀಲಾ ಸಾಲಿಯಿಂದ ಓಡಿ ಬಂದು ಬದನೆ ಗಿಡಗಳನ್ನು ಎಣಿಸಿ ಮತ್ತೆ ಓಡುತ್ತಿದ್ದಳು. ಅವಳ ಗುರುಬಾಯಿಯವರು ಒಂದು ದಿನ ಬಾವಿಯ ಕಡೆ ಬಂದು, "ನಿಮ್ಮ ಹುಡುಗಿ ಶಾಣ್ಯಾ ಇದ್ದಾಳ. ಬಿಡಿಸಬ್ಯಾಡ್ರಿ ಮತ್ತ" ಎಂದರು. ನಾನು ಬಿಡಿಸುವವಳೇ?

ಕಮಿಟಿಯವರು ತೋಟ ನೋಡಲು ಬಂದಾಗ ಜೊತೆಗೆ ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿಯನ್ನು ಕರೆತಂದರು. ಅವನು ಬದನೆ ನೋಡಲಿಲ್ಲ. ಬಗ್ಗಿ ಮಡಿಯೊಳಗೆ ಬೆರಳು ಇಳಿಸಿದ. ಬೆರಳು ಬುಡದತನಕ ಹೋಯಿತು. ಇನ್ನೊಂದು ಮಡಿಯಲ್ಲಿ ಇಳಿಸಿದ, ಅಲ್ಲಿಯೂ ಹೋಯಿತು. ಎದ್ದು ಕೈ ಝಾಡಿಸಿ ಕಮಿಟಿಯವರ ಕಡೆ ನೋಡಿ ನಕ್ಕ. ಆ ನಗು ಏನೆಂದು ನನಗೆ ತಿಳಿಯಲಿಲ್ಲ, ಕಾಕಾನಿಗೆ ತಿಳಿಯಿತು. ಅವನ ಮುಖ ಇಳಿಯಿತು.

ರಾಯರು ತಾವೇ ಬಾವಿಯ ಕಡೆ ಬಂದು ಹೇಳಿದರು. ಕರೆಸಲಿಲ್ಲ, ಬಂದರು. ಅಷ್ಟು ಮರ್ಯಾದೆ ಅವರಲ್ಲಿತ್ತು.

"ನೀವು ಬರೋಬರಿ ಬೆಳದೀರಿ. ನಾ ಕಮಿಟ್ಯಾಗ ಹೇಳೇನಿ. ಆದ್ರ ಅಂವಾ ಭೂಮಿ ನೋಡಿ ಭಾಳ ಲಾವಣಿ ಕೊಡ್ತೇನಿ ಅಂದಾನ. ಬೋರ್ಡಿಂಗಿನ ಖರ್ಚು ಆ ಲಾವಣಿ ರೊಕ್ಕದಾಗ ನೀಗ್ತದಂತ. ಪಲ್ಯಾ ಮೊದಲಿನ್ಹಂಗ ದುರ್ಗದಬೈಲಿನಿಂದ ತರಸೂಣು ಅಂತ ಠರಾವ ಆತು."

"ಪಲ್ಲೆ ಬರಲಿಲ್ಲಂದ್ರ ಭೂಮಿ ಕೊಡತೇವಿ ಅಂದಿದ್ರಿ ರಾಯರ," ಎಂದೆ. "ಬಂತಲ್ರೀ."

"ಬಂತು," ಎಂದರು.

ಬರಡಾಗಿಯೇ ಇದ್ದಿದ್ದರೆ ಆ ವ್ಯಾಪಾರಿ ಅಷ್ಟು ಕೊಡುತ್ತಿರಲಿಲ್ಲ. ನಾವು ಆ ನೆಲವನ್ನು ಒಳ್ಳೆಯದು ಮಾಡಿದೆವು, ಒಳ್ಳೆಯದಾಯಿತೆಂದೇ ನಮ್ಮ ಕೈಬಿಟ್ಟಿತು. ಕಾಯಿಪಲ್ಲೆಯ ಕೆಲಸದಲ್ಲಿ ರೋಗ ಉಂಟು, ಹುಳ ಉಂಟು, ಮಳೆ ಉಂಟು, ಎಲ್ಲಕ್ಕೂ ಏನಾದರೊಂದು ಮಾಡಬಹುದು. ಇದಕ್ಕೆ ಏನು ಮಾಡಬೇಕೆಂದು ನನಗೆ ಇಷ್ಟು ವಯಸ್ಸಾದರೂ ಹೊಳೆದಿಲ್ಲ. ಹೊಳೆದಿದ್ದರೆ ನಿಮಗೆ ಬರೆಯದೆ ಇರುತ್ತಿದ್ದೆನೇ?

ಶ್ರಾವಣದಲ್ಲಿ ನೇಗಿಲು ಬಂತು. ಬದನೆಕಾಯಿ ಇನ್ನೊಂದೆರಡು ವಾರಕ್ಕೆ ಬಲಿಯುತ್ತಿದ್ದವು. ತುಂಗಕ್ಕನವರು ಹಿತ್ತಲ ಬಾಗಿಲು ದಾಟಿ, ಮಡಿ ಮೈಲಿಗೆ ಎನ್ನದೆ ಕೆಸರಿನಲ್ಲಿ ಇಳಿದು, ಸಿಕ್ಕಷ್ಟು ಎಳೆಕಾಯಿಗಳನ್ನು ಸೆರಗಿನಲ್ಲಿ ಕಿತ್ತುಕೊಂಡರು. ಕಾಕಾ ಬಾವಿಯ ಕಟ್ಟೆಯ ಮೇಲೆ ಕೂತು ನೇಗಿಲು ಹೋಗುವುದನ್ನು ನೋಡಿದ. ಗಳೆ ಹೊಡೆಯುವವನು ಒಂದು ಕೈಯಲ್ಲೇ ನೇಗಿಲಿನ ಮೇಳಿ ಹಿಡಿದಿದ್ದ, ಎತ್ತುಗಳು ಬಾಲ ಬೀಸುತ್ತ ನಡೆದಿದ್ದವು.

"ಎಷ್ಟ ಹಗೂರ ಹೊಂಟೈತಿ ನೋಡವಾ ನೇಗಿಲಾ," ಎಂದ. ಅಷ್ಟೇ. ಮರುದಿನ ಗಂಟು ಕಟ್ಟಿ ಅಮ್ಮಿನಬಾವಿಗೆ ಹೋದ. ಅವನನ್ನು ನಾನು ಮತ್ತೆ ನೋಡಲಿಲ್ಲ.

ನಮಗೆ ಹೋಗಲು ಊರಿರಲಿಲ್ಲ. ಗೋಪನಕೊಪ್ಪದಲ್ಲಿ ಒಬ್ಬರ ದನದ ಕೊಟ್ಟಿಗೆಯ ಮಗ್ಗುಲಿಗೆ ಇರಲು ಜಾಗ ಸಿಕ್ಕಿತು. ನಾನು ಸಿಕ್ಕ ಕೂಲಿಗೆ ಹೋದೆ, ನೀಲಾಳೂ ನನ್ನ ಜೊತೆ ಬಂದಳು. ರಾಯರು ಅವಳನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಲು ಕಮಿಟಿಗೆ ಕೇಳಿದರಂತೆ. ಒಬ್ಬಳಿಗೆ ಫೀ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಕಮಿಟಿಯವರು ಅಂದರಂತೆ.

ಶಿವರಾತ್ರಿಯ ಹೊತ್ತಿಗೆ ಹತ್ತಿ ಒಡೆಯಿತು. ಬಿಡಿಸಲು ಕೂಲಿ ಕರೆದರು. ಯಾವ ಹೊಲ ಎಂದು ಗೊತ್ತಿದ್ದೂ ಹೋದೆವು. ಹೊಟ್ಟೆ ಹೊಲ ಕೇಳುವುದಿಲ್ಲ. ಹೋಗಿ ನೋಡಿದರೆ ಏನೆನ್ನುತ್ತೀರಿ, ನಮ್ಮ ಮಡಿಗಳಿದ್ದ ಕಡೆಯೆಲ್ಲ ಹತ್ತಿ ನನ್ನ ಎದೆಯ ಮಟ್ಟ ನಿಂತಿತ್ತು, ಉಳಿದ ಕಡೆ ಮೊಣಕಾಲು. ಒಂದೊಂದು ಮಡಿಯೂ ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಹತ್ತಿಯ ಎತ್ತರವೇ ಹೇಳುತ್ತಿತ್ತು. ತೂಕದ ಮೇಲೆ ಕೂಲಿ, ಆದ್ದರಿಂದ ಎಲ್ಲರೂ ಆ ಸಾಲುಗಳಿಗೇ ಜಗಳಾಡಿದರು. ನಾನು ಓಡಿಹೋಗಿ ಹಿಡಿದೆ.

ಆ ಸಾಲು ಸಾಲಿಯ ಕಿಟಕಿಗೆ ಹತ್ತಿರ. ಒಳಗೆ ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ನೀಲಾ ನನ್ನ ಪಕ್ಕದಲ್ಲಿ ಬಗ್ಗಿ ಉಡಿಯಲ್ಲಿ ಹತ್ತಿ ತುಂಬುತ್ತಿದ್ದಳು. ನೋಡಿದೆ, ಅವಳ ತುಟಿಗಳು ಆಡುತ್ತಿದ್ದವು. ಹನ್ನೆರಡೊಂದ್ಲೆ ಹನ್ನೆರಡು, ಹನ್ನೆರಡೆರಡ್ಲೆ ಇಪ್ಪತ್ನಾಲ್ಕು. ಅವರು ಒಳಗೆ ಒಂದು ಅನ್ನುವಾಗ ಇವಳು ಹೊರಗೆ ಒಂದು. ಕೈ ತಪ್ಪುತ್ತಿರಲಿಲ್ಲ, ಮಗ್ಗಿಯೂ ತಪ್ಪುತ್ತಿರಲಿಲ್ಲ. ಅವಳ ಮುಖದಲ್ಲಿ ಅಳು ಇರಲಿಲ್ಲ, ಸಾಲಿಯಲ್ಲೇ ಕೂತ ಹಾಗೆ ಇತ್ತು. ನಾನು ಹತ್ತಿಯ ಗಿಡಗಳ ನಡುವೆ ಮುಖ ಮರೆಮಾಡಿಕೊಂಡೆ.

ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ಗುರುಬಾಯಿಯವರ ಧ್ವನಿ ಬೇರೆ ಏನೋ ಹೇಳಿತು, ಹುಡುಗಿಯರು ಹಿಂದೆ ಹೇಳಿದರು. ಹೊಸ ಮಗ್ಗಿ. ನೀಲಾ ತುಟಿ ತೆರೆದಳು. ಮೊದಲನೆಯದನ್ನು ಅಂದಳು. ಎರಡನೆಯದಕ್ಕೆ ನಿಂತಳು. ಒಳಗಿನವರು ನಿಲ್ಲದೆ ಮುಂದೆ ಹೋದರು. ಅವಳು ಕಿಟಕಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಬಾಯಿ ತೆರೆದೇ ನಿಂತಿದ್ದಳು, ಹತ್ತಿ ಹಿಡಿದ ಕೈ ಗಿಡದ ಮೇಲೇ ಇತ್ತು.

ಆಮೇಲೆ ಉಡಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಯವ್ವಾ, ಆ ಕಡೀ ಸಾಲ ಹಿಡಿಯೋಣು ನಡಿ."

"ಅಲ್ಲಿ ಹತ್ತಿ ಸ್ವಲ್ಪ ಐತ್ಯವಾ. ತೂಕಾ ಬರೂದುಲ್ಲ."

"ಬರಲಿಲ್ಲಂದ್ರ ಇರಲಿ."

ನಾವು ಆ ಎತ್ತರದ ಸಾಲು ಬಿಟ್ಟೆವು. ನಾವು ಬಿಡುವುದನ್ನೇ ಕಾಯುತ್ತಿದ್ದ ಇಬ್ಬರು ಹೆಂಗಸರು ಓಡಿಬಂದು ಅದನ್ನು ಹಿಡಿದರು. ನೀಲಾ ಮುಂದೆ, ನಾನು ಹಿಂದೆ, ಹೊಲದ ಆಚೆಯ ತುದಿಗೆ ಹೋಗಿ ಮೊಣಕಾಲೆತ್ತರದ ಹತ್ತಿಗೆ ಬಗ್ಗಿದೆವು. ಅಲ್ಲಿಗೆ ಮಗ್ಗಿ ಕೇಳಿಸುತ್ತಿರಲಿಲ್ಲ.